ಊರಲ್ಲಿರುವ ಹಿರಿಯರಿಗೆ ಫೋನು: ಕೊಡಿಸುವ ಮುಂಚೆ, ಕೊಡಿಸಿದ ಮೇಲೆ

ಹಬ್ಬ ಮುಗಿದ ವಾರ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ. "ಅಪ್ಪಂಗೆ ಒಳ್ಳೆ ಫೋನ್ ಕೊಡಿಸಿದೀನಿ, ಮುಟ್ಟೋದೇ ಇಲ್ಲ." "ಅಮ್ಮ ವಾಟ್ಸಾಪ್ ನೋಡ್ತಾರೆ, ದುಡ್ಡು ಕಳಿಸೋದು ಅಂದ್ರೆ ಹೆದರ್ತಾರೆ." "ಪಿಂಚಣಿಗೆ ಪ್ರತಿ ವರ್ಷ ಬ್ಯಾಂಕ್ ಮುಂದೆ ನಿಲ್ಲಲೇಬೇಕಾ?" ಕೇಳುವವರು ಬಹುಪಾಲು ಬೆಂಗಳೂರಲ್ಲೋ ಪುಣೆಯಲ್ಲೋ ಇರುವ ಮಕ್ಕಳು. ಹಿರಿಯರು ದಾವಣಗೆರೆಯ ನಿಟುವಳ್ಳಿಯಲ್ಲೋ, ಚನ್ನಗಿರಿ ಕಡೆಯ ತೋಟದ ಮನೆಯಲ್ಲೋ, ಹೊಳಲ್ಕೆರೆಯಲ್ಲೋ ಇರುತ್ತಾರೆ. ಒಬ್ಬೊಬ್ಬರಿಗೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಕ್ರಮವಾಗಿ ಹಾಕಿದ್ದೇನೆ.

ಶುರು ಮಾಡುವ ಮುಂಚೆ ಇಷ್ಟು ಕೈಗೆ ಸಿಗುವಂತೆ ಇಟ್ಟುಕೊಳ್ಳಿ: ಹಿರಿಯರ ಆಧಾರ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಪಿಂಚಣಿ ಇದ್ದರೆ ಪಿಪಿಒ ಸಂಖ್ಯೆ (ಪಿಂಚಣಿ ಮಂಜೂರಾತಿ ಆದೇಶದ ಮೇಲಿರುವ ನಂಬರ್), ಒಂದು ದಪ್ಪ ರಟ್ಟಿನ ನೋಟ್‌ಬುಕ್, ಕಪ್ಪು ಸ್ಕೆಚ್ ಪೆನ್. ಆಧಾರ್‌ಗೆ ಯಾವ ಮೊಬೈಲ್ ನಂಬರ್ ಜೋಡಿಸಿದೆ ಎಂದು ಮೊದಲೇ ನೋಡಿ. ಎಷ್ಟೋ ಮನೆಗಳಲ್ಲಿ ಅದು ಯಾವತ್ತೋ ಬಿಟ್ಟುಹೋದ ಸಿಮ್ಮಿನ ನಂಬರ್ ಆಗಿರುತ್ತದೆ, ಇಲ್ಲವೇ ಅಳಿಯನದ್ದಾಗಿರುತ್ತದೆ. ಒಟಿಪಿ, ಅಂದರೆ ಒಂದೇ ಸಲ ಬಳಸುವ ಗುಟ್ಟಿನ ಅಂಕಿ, ಆ ನಂಬರಿಗೇ ಹೋಗುತ್ತದೆ. ಅದನ್ನು ಸರಿಮಾಡಿಸದೆ ಮುಂದಿನ ಅರ್ಧ ಕೆಲಸ ಆಗುವುದಿಲ್ಲ. ಮೊಬೈಲ್ ನಂಬರ್ ಬದಲಾವಣೆಯನ್ನು ಆಧಾರ್ ಕೇಂದ್ರದಲ್ಲಿ ಮಾಡಿಸಬಹುದು, ಅಲ್ಲಿಗೆ ಹಿರಿಯರೇ ಹೋಗಬೇಕು. ಸಂದೇಹ ಬಂದರೆ ಆಧಾರ್ ಸಹಾಯವಾಣಿ 1947.

1. ಮೊದಲು ಕೆಲಸ ಕೇಳಿ, ಆಮೇಲೆ ಫೋನ್ ನೋಡಿ

"ನಿಮಗೆ ಫೋನಲ್ಲಿ ಏನು ಬೇಕು?" ಎಂದು ಕೇಳಿದರೆ "ಏನೂ ಬೇಡಪ್ಪ" ಎನ್ನುತ್ತಾರೆ. ಪ್ರಶ್ನೆಯನ್ನೇ ಬದಲಿಸಿ. "ಈ ತಿಂಗಳು ಯಾವ ಕೆಲಸಕ್ಕೆ ಬೇರೆಯವರನ್ನ ಕಾಯಬೇಕಾಯ್ತು?" ಆಗ ಪಟ್ಟಿ ಹೊರಗೆ ಬರುತ್ತದೆ. ಕರೆಂಟ್ ಬಿಲ್ ಕಟ್ಟಲು ಪಕ್ಕದ ಮನೆ ಹುಡುಗ. ಪಿಂಚಣಿ ಬಂತಾ ನೋಡಲು ಪಾಸ್‌ಬುಕ್ ಹಿಡಿದು ಬ್ಯಾಂಕು. ಮೊಮ್ಮಗಳ ಮುಖ ನೋಡಲು ಭಾನುವಾರ. ಬೋರ್ ಆನ್ ಮಾಡಲು ರಾತ್ರಿ ಹತ್ತಕ್ಕೆ ಹೊಲ.

ಈ ಪಟ್ಟಿಯಿಂದ ಒಂದೇ ಒಂದನ್ನು ಆರಿಸಿ. ಅವರಿಗೆ ಅತಿ ಬೇಸರ ತರುವುದು ಯಾವುದೋ ಅದು. ಅದೊಂದು ಅವರ ಕೈಯಲ್ಲೇ ಆಗಿಬಿಟ್ಟರೆ ಎರಡನೆಯದನ್ನು ಅವರೇ ಕೇಳುತ್ತಾರೆ. ಒಂದೇ ಮಧ್ಯಾಹ್ನ ಎಂಟು ಆಪ್ ಹಾಕಿ, ಎಲ್ಲದಕ್ಕೂ ಪಾಸ್‌ವರ್ಡ್ ಕೊಟ್ಟು, ಸಂಜೆ ಬಸ್ ಹತ್ತಿದರೆ ಆ ಫೋನ್ ಟಿವಿ ಮೇಲೆ ಕೂರುತ್ತದೆ.

ಇನ್ನೊಂದು ಮಾತು. ಕೆಲವರಿಗೆ ನಿಜಕ್ಕೂ ಬಟನ್ ಫೋನೇ ಸಾಕು. ಕೈ ನಡುಗುವವರಿಗೆ, ಕಣ್ಣು ಮಂಜಾದವರಿಗೆ ಗುಂಡಿ ಒತ್ತಿದ ಅನುಭವ ಬೆರಳಿಗೆ ಸಿಗಬೇಕು. ಅಂಥವರಿಗೆ ಗಾಜಿನ ಪರದೆ ಹೇರಬೇಡಿ. ಬಟನ್ ಫೋನಿನಿಂದಲೂ ಹಣ ಕಳಿಸುವ ವ್ಯವಸ್ಥೆ 2022ರಿಂದ ಇದೆ, ಅದರ ಹೆಸರು ಯುಪಿಐ 123ಪೇ.

2. ಫೋನ್ ಮತ್ತು ಸಿಮ್

ದುಬಾರಿ ಫೋನ್ ಬೇಡ. ಪರದೆ ದೊಡ್ಡದಿರಲಿ, ಸ್ಪೀಕರ್ ಜೋರಿರಲಿ, ಬ್ಯಾಟರಿ ಒಂದೂವರೆ ದಿನ ಬರಲಿ. ನಿಮ್ಮ ಹಳೆಯ ಫೋನನ್ನು ದಾಟಿಸುವ ಆಲೋಚನೆ ಇದ್ದರೆ, ಅದಕ್ಕೆ ಕಂಪನಿಯಿಂದ ಸುರಕ್ಷತಾ ಅಪ್‌ಡೇಟ್ ಇನ್ನೂ ಬರುತ್ತಿದೆಯಾ ನೋಡಿ. ನಿಂತುಹೋಗಿದ್ದರೆ ಬ್ಯಾಂಕ್ ಕೆಲಸಕ್ಕೆ ಆ ಫೋನ್ ಬೇಡ.

ಹಳ್ಳಿ ಮನೆಯಾದರೆ ಸಿಮ್ ಆರಿಸುವುದು ಫೋನ್ ಆರಿಸುವುದಕ್ಕಿಂತ ಮುಖ್ಯ. ಜಗಳೂರು, ಮೊಳಕಾಲ್ಮೂರು ಕಡೆ ರಸ್ತೆಯಲ್ಲಿ ಸಿಗ್ನಲ್ ಇದ್ದು ಮನೆ ನಡುಕೋಣೆಯಲ್ಲಿ ಇಲ್ಲದಿದ್ದರೆ ಏನು ಬಂತು? ಅವರು ಮಲಗುವ ಜಾಗದಲ್ಲಿ ನಿಂತು ಕಾಲ್ ಮಾಡಿ ನೋಡಿ. ರಾತ್ರಿ ಎದೆ ನೋವು ಬಂದಾಗ ಫೋನ್ ಹಿಡಿದು ಅಂಗಳಕ್ಕೆ ಬರಲು ಆಗುವುದಿಲ್ಲ.

ರೀಚಾರ್ಜ್ ಮಾಡುವ ಜವಾಬ್ದಾರಿ ಮನೆಯ ಒಬ್ಬರಿಗೇ ಇರಲಿ. ವ್ಯಾಲಿಡಿಟಿ ಮುಗಿದು ಸಿಮ್ ನಿಂತರೆ ಬ್ಯಾಂಕಿನ ಒಟಿಪಿಯೂ ನಿಂತಂತೆ.

3. ಕಣ್ಣು, ಕಿವಿ, ಬೆರಳಿಗೆ ಹೊಂದಿಸುವುದು

ಇದಕ್ಕೆ ಒಂದು ಪೂರ್ತಿ ಮಧ್ಯಾಹ್ನ ಕೊಡಿ. "ಅಪ್ಪಂಗೆ ಫೋನ್ ಅರ್ಥ ಆಗಲ್ಲ" ಎಂದು ಹೇಳುವ ಮನೆಗಳಲ್ಲಿ ಬಹಳ ಸಲ ಅರ್ಥದ ತೊಂದರೆ ಇರುವುದೇ ಇಲ್ಲ. ಅಕ್ಷರ ಕಾಣುತ್ತಿರುವುದಿಲ್ಲ, ಬೆರಳು ಹತ್ತುತ್ತಿರುವುದಿಲ್ಲ, ಅಷ್ಟೇ.

ಕಣ್ಣಿಗೆ: ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ಎಂಬಲ್ಲಿ ಹೋಗಿ ಅಕ್ಷರದ ಗಾತ್ರ, ಪರದೆ ಗಾತ್ರ ಎರಡನ್ನೂ ದೊಡ್ಡದು ಮಾಡಿ. ಬರೀ ಅಕ್ಷರ ದೊಡ್ಡದಾದರೆ ಸಾಲದು, ಒತ್ತುವ ಗುಂಡಿಗಳೂ ದೊಡ್ಡದಾಗಬೇಕು. ತೀರಾ ದೊಡ್ಡದು ಮಾಡಿದರೂ ಕಷ್ಟ. ಕೆಲವು ಬ್ಯಾಂಕ್ ಆಪ್‌ಗಳಲ್ಲಿ "ಮುಂದೆ" ಎನ್ನುವ ಗುಂಡಿ ಪರದೆಯ ಕೆಳಗೆ ಜಾರಿ ಮಾಯವಾಗುತ್ತದೆ. ಹಾಗಾಗಿ ಗಾತ್ರ ಇಟ್ಟ ಮೇಲೆ ಅವರು ಬಳಸುವ ಪ್ರತಿ ಆಪನ್ನೂ ಒಂದು ಸಲ ತೆರೆದು ನೋಡಿ.

ಕಿವಿಗೆ: ರಿಂಗ್‌ಟೋನ್ ಹಳೆಯ ಟೆಲಿಫೋನಿನ ಟ್ರಿಣ್ ಟ್ರಿಣ್ ಇರಲಿ. ಸಣ್ಣ ದನಿಯ ಸಂಗೀತ ಅಡಿಗೆ ಮನೆಯ ಕುಕ್ಕರ್ ಸದ್ದಿನಲ್ಲಿ ಕೇಳುವುದಿಲ್ಲ. ಕಿವಿ ಜಾಸ್ತಿ ಮಂದವಾಗಿದ್ದರೆ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಎಂಬ ಉಚಿತ ಆಪ್ ಹಾಕಿಕೊಡಿ. ಎದುರಿನವರು ಕನ್ನಡದಲ್ಲಿ ಮಾತಾಡಿದ್ದು ಪರದೆ ಮೇಲೆ ಅಕ್ಷರವಾಗಿ ಮೂಡುತ್ತದೆ. ತಪ್ಪುಗಳು ಇರುತ್ತವೆ, ನಮ್ಮ ಕಡೆಯ ಆಡುಮಾತಿಗಂತೂ ಇನ್ನೂ ಜಾಸ್ತಿ. ಆದರೂ ಡಾಕ್ಟರ್ ಮುಂದೆ ಕೂತು "ಏನಂದ್ರಿ?" ಎಂದು ಮತ್ತೆ ಮತ್ತೆ ಕೇಳುವ ಸಂಕೋಚ ತಪ್ಪುತ್ತದೆ. ಬಾಯಲ್ಲಿ ಹೇಳಿದ ಗುಳಿಗೆ ಲೆಕ್ಕವನ್ನು ಮಾತ್ರ ಚೀಟಿಯಲ್ಲೂ ಬರೆಸಿಕೊಳ್ಳಬೇಕು.

ಬೆರಳಿಗೆ: ಟಚ್ ಪರದೆ ಕೆಲಸ ಮಾಡುವುದು ನಮ್ಮ ಚರ್ಮದ ಮೂಲಕ ಹರಿಯುವ ಅತಿ ಸಣ್ಣ ವಿದ್ಯುತ್ತಿನಿಂದ. ವಯಸ್ಸಾದಂತೆ ಬೆರಳ ತುದಿ ಒಣಗುತ್ತದೆ, ಆಗ ಪರದೆಗೆ ಬೆರಳು ಗೊತ್ತೇ ಆಗುವುದಿಲ್ಲ. ಅವರು ಇನ್ನೂ ಜೋರಾಗಿ, ಇನ್ನೂ ಹೊತ್ತು ಒತ್ತುತ್ತಾರೆ. ಹೊತ್ತು ಒತ್ತಿದರೆ ಫೋನು ಅದನ್ನು ಬೇರೆಯೇ ಆಜ್ಞೆ ಎಂದುಕೊಂಡು ಐಕಾನ್ ಅಳಿಸಲಾ, ಜರುಗಿಸಲಾ ಎಂದು ಕೇಳುತ್ತದೆ. ಅಲ್ಲಿಗೆ ಗಾಬರಿ. ಪರಿಹಾರ ಎರಡು. ಬೆರಳಿಗೆ ಸ್ವಲ್ಪ ತೇವ ಇರಲಿ. ಮತ್ತೆ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬಲ್ಲಿ "ಒತ್ತಿ ಹಿಡಿಯುವ ಸಮಯ"ವನ್ನು ದೀರ್ಘ ಎಂದು ಇಡಿ. ದಪ್ಪ ಗಾಜಿನ ಸ್ಕ್ರೀನ್ ಗಾರ್ಡ್ ಇದ್ದರೆ ತೆಗೆಸಿ ತೆಳುವಾದದ್ದು ಹಾಕಿಸಿ.

ಮೊದಲ ಪರದೆಯಲ್ಲಿ ಆರು ಐಕಾನ್‌ಗಿಂತ ಜಾಸ್ತಿ ಬೇಡ. ಫೋನ್, ವಾಟ್ಸಾಪ್, ಕ್ಯಾಮೆರಾ, ಟಾರ್ಚು, ಯೂಟ್ಯೂಬು, ಅವರು ಆರಿಸಿದ ಆ ಒಂದು ಕೆಲಸದ ಆಪ್. ಸುಮ್ನೆ ಬರುವ ಜಾಹೀರಾತಿನ ಸಂದೇಶಗಳನ್ನೆಲ್ಲ ಬಂದ್ ಮಾಡಿ.

ಭಾಷೆ ವಿಷಯದಲ್ಲಿ ನಾನು ಹೇಳುವುದು: ಅವರನ್ನು ಕೇಳಿ. ಪೂರ್ತಿ ಫೋನ್ ಕನ್ನಡಕ್ಕೆ ಬದಲಿಸಿದರೆ ಕೆಲವರಿಗೆ ನಿರಾಳ. ಇನ್ನು ಕೆಲವರು ಇಷ್ಟು ವರ್ಷ "ಕಾಲ್", "ಕ್ಯಾನ್ಸಲ್" ನೋಡಿ ಪಳಗಿರುತ್ತಾರೆ, ಅವರಿಗೆ ಬದಲಿಸಿದರೆ ದಾರಿ ತಪ್ಪುತ್ತದೆ. ಬರೆಯುವುದಕ್ಕೆ ಮಾತ್ರ ಎಲ್ಲರಿಗೂ ಕನ್ನಡ ಕೀಲಿಮಣೆ ಹಾಕಿಕೊಡಿ, ಅದರ ಮೈಕ್ ಗುರುತು ತೋರಿಸಿ. ಮೈಕ್ ಒತ್ತಿ ಕನ್ನಡದಲ್ಲಿ ಹೇಳಿದರೆ ಅಕ್ಷರ ತಾನಾಗೇ ಬೀಳುತ್ತದೆ. ಯೂಟ್ಯೂಬಿನಲ್ಲಿ ವಚನ ಹುಡುಕಲು, ಹಳೆಯ ನಾಟಕದ ಹಾಡು ಹುಡುಕಲು ಇದೊಂದು ಗೊತ್ತಾದರೆ ಫೋನಿನ ಮೇಲಿನ ಮುನಿಸು ಅರ್ಧ ಇಳಿಯುತ್ತದೆ.

4. ಕರೆ, ವಿಡಿಯೋ ಕರೆ, ದನಿ ಸಂದೇಶ

ಹೆಸರುಗಳನ್ನು ಅವರು ಕರೆಯುವಂತೆಯೇ ಉಳಿಸಿ. "ಸುಮಾ ಹುಬ್ಬಳ್ಳಿ", "ಹಾಲಿನವರು", "ಆಟೋ", "ಔಷಧಿ ಅಂಗಡಿ". ಪ್ರತಿ ಹೆಸರಿಗೂ ಫೋಟೋ ಹಾಕಿ. ಓದು ಬಾರದವರಿಗೆ ಫೋಟೋನೇ ಅಕ್ಷರ.

ಕಲಿಸುವಾಗ ಒಂದೇ ನಿಯಮ: ಫೋನ್ ಅವರ ಕೈಯಲ್ಲಿರಬೇಕು, ನಿಮ್ಮ ಕೈ ಹಿಂದೆ ಕಟ್ಟಿರಬೇಕು. "ತಾರವ್ವ ಇಲ್ಲಿ" ಎಂದು ಫೋನ್ ಕಿತ್ತುಕೊಂಡು ಟಕಟಕ ಒತ್ತಿ ತೋರಿಸಿದರೆ ಅವರು ಕಲಿಯುವುದು ಒಂದೇ, ಇದು ನನ್ನಿಂದ ಆಗುವ ಕೆಲಸ ಅಲ್ಲ ಅಂತ. ಅವರು ಒತ್ತಿದ್ದು ತಪ್ಪಾದರೆ ತಪ್ಪಾಗಲಿ, ಹಿಂದೆ ಬರುವ ಗುಂಡಿ ಯಾವುದು ಎನ್ನುವುದನ್ನೇ ಮೊದಲ ಪಾಠ ಮಾಡಿ. ಹಿಂದೆ ಬರಲು ಗೊತ್ತಿದ್ದವರಿಗೆ ಮುಂದೆ ಹೋಗಲು ಭಯ ಇರುವುದಿಲ್ಲ.

ವಾಟ್ಸಾಪಿನಲ್ಲಿ ನೀವೇ ಮಾಡಿಕೊಡಬೇಕಾದ್ದು ಮೂರು. ಗೊತ್ತಿಲ್ಲದ ನಂಬರಿನ ಕರೆಗಳನ್ನು ಮೌನಗೊಳಿಸುವ ಆಯ್ಕೆ ಆನ್ ಮಾಡಿ. ಗ್ರೂಪಿಗೆ ಸೇರಿಸುವ ಅನುಮತಿ "ನನ್ನ ಸಂಪರ್ಕದವರಿಗೆ ಮಾತ್ರ" ಎಂದಿಡಿ. ಎರಡು ಹಂತದ ಪರಿಶೀಲನೆ ಆನ್ ಮಾಡಿ, ಆ ಪಿನ್ ಅನ್ನು ನೀವೂ ಬರೆದಿಟ್ಟುಕೊಳ್ಳಿ.

5. ತುರ್ತು ಹೊತ್ತಿಗೆ

ಇದನ್ನು ಕಲಿಸದೆ ಊರು ಬಿಡಬೇಡಿ. 112 ಎಲ್ಲ ತುರ್ತಿಗೂ, 108 ಆಂಬ್ಯುಲೆನ್ಸಿಗೆ, 14567 ಹಿರಿಯರ ಸಹಾಯವಾಣಿ. ಮನಸ್ಸಿಗೆ ತೀರಾ ಕಷ್ಟವಾದಾಗ ಮಾತಾಡಲು ಟೆಲಿ ಮಾನಸ್ 14416. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇವನ್ನು ದಪ್ಪಗೆ ಬರೆಯಿರಿ. ಅದೇ ಹಾಳೆಯ ನಕಲು ಅಡಿಗೆ ಮನೆ ಬಾಗಿಲಿಗೂ ಅಂಟಿಸಿ.

ಈಗಿನ ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಗುಂಡಿಯನ್ನು ಬೇಗ ಬೇಗ ಐದು ಸಲ ಒತ್ತಿದರೆ ತುರ್ತು ಕರೆ ಹೋಗುವ ಸೌಲಭ್ಯ ಇದೆ. ಸೆಟ್ಟಿಂಗ್ಸ್‌ನಲ್ಲಿ ಸೇಫ್ಟಿ ಆಂಡ್ ಎಮರ್ಜೆನ್ಸಿ ಎಂದು ಹುಡುಕಿ, ಅದನ್ನು ಆನ್ ಮಾಡಿ, ಹತ್ತಿರದವರ ನಂಬರ್ ಸೇರಿಸಿ. ಅಲ್ಲೇ ರಕ್ತದ ಗುಂಪು, ಕಾಯಿಲೆ, ತೆಗೆದುಕೊಳ್ಳುವ ಗುಳಿಗೆ ಬರೆದಿಡಬಹುದು. ಫೋನ್ ಲಾಕ್ ಇದ್ದರೂ ಬೇರೆಯವರು ಅದನ್ನು ನೋಡಬಹುದು.

ತಪ್ಪಾಗುವುದು ಎಲ್ಲಿ ಅಂದರೆ, ಮಕ್ಕಳ ನಂಬರ್ ಮಾತ್ರ ಹಾಕುವುದು. ನೀವು ಬೆಂಗಳೂರಿನಿಂದ ಬರಲು ನಾಲ್ಕೈದು ತಾಸು ಬೇಕು. ಮೊದಲ ನಂಬರ್ ಅದೇ ಬೀದಿಯವರದ್ದಿರಲಿ, ಅವರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ, ಸಾಧ್ಯವಾದರೆ ಮನೆಯ ಇನ್ನೊಂದು ಬೀಗದ ಕೈ ಅವರ ಹತ್ತಿರ ಕೊಡಿ. ಬಾಗಿಲು ಒಳಗಿನಿಂದ ಹಾಕಿದ್ದರೆ ಯಾವ ಆಪ್ ಬಂದು ತೆಗೆಯುತ್ತದೆ?

ಮಂಚದಿಂದ ಬಚ್ಚಲವರೆಗೆ ಯಾರಾದರೂ ಓಡಾಡಿದಾಗ ತಾನೇ ಹತ್ತುವ ಸೆನ್ಸರ್ ದೀಪ ಹಾಕಿಸಿ. ಸಣ್ಣ ಖರ್ಚು, ರಾತ್ರಿ ಎದ್ದಾಗ ಸ್ವಿಚ್ ತಡಕಾಡಿ ಬೀಳುವುದು ತಪ್ಪುತ್ತದೆ.

6. ಬಿಪಿ, ಶುಗರ್ ಮನೆಯಲ್ಲೇ

ಬಿಪಿ ಯಂತ್ರ ಕೊಳ್ಳುವಾಗ ಮಣಿಕಟ್ಟಿಗೆ ಕಟ್ಟುವುದು ಬೇಡ, ತೋಳಿಗೆ ಕಟ್ಟುವುದು ತೆಗೆದುಕೊಳ್ಳಿ. ತೋಳಿನ ಸುತ್ತಳತೆಗೆ ಪಟ್ಟಿ ಸರಿಹೊಂದಬೇಕು, ಚಿಕ್ಕ ಪಟ್ಟಿ ಬಿಗಿದರೆ ಅಂಕಿ ಜಾಸ್ತಿ ತೋರಿಸುತ್ತದೆ.

ನೋಡುವ ಕ್ರಮ ಹೀಗೆ. ಅದಕ್ಕೆ ಅರ್ಧ ಗಂಟೆ ಮುಂಚೆ ಕಾಫಿ, ಚಹಾ, ಬೀಡಿ, ನಡಿಗೆ ಬೇಡ. ದಾವಣಗೆರೆಯ ಕುಂದವಾಡ ಕೆರೆ ಸುತ್ತಿ ಬಂದ ಕೂಡಲೇ ನೋಡಿದರೆ ಆ ಅಂಕಿಗೆ ಬೆಲೆ ಇಲ್ಲ. ಮೂತ್ರಕ್ಕೆ ಹೋಗಿ ಬರಬೇಕು. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕೂರಬೇಕು. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಮಾತಾಡಬಾರದು. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ ಎರಡನ್ನೂ ಬರೆಯಬೇಕು.

ಶುಗರ್ ಯಂತ್ರದಲ್ಲಿ ಕೈಕೊಡುವುದು ಯಂತ್ರಕ್ಕಿಂತ ರಕ್ತದ ಹನಿ ಹಾಕುವ ಸ್ಟ್ರಿಪ್. ಅವಧಿ ಮುಗಿದ ಸ್ಟ್ರಿಪ್, ಮುಚ್ಚಳ ತೆಗೆದಿಟ್ಟ ಡಬ್ಬಿ, ಬಾಳೆಹಣ್ಣು ತಿಂದ ಕೈ, ಇವೆಲ್ಲ ಸುಳ್ಳು ಅಂಕಿ ಕೊಡುತ್ತವೆ. 70ಕ್ಕಿಂತ ಕೆಳಗೆ ತೋರಿಸಿದರೆ ಕೂಡಲೇ ಸಕ್ಕರೆ ನೀರು ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ಡಾಕ್ಟರಿಗೆ ಹೇಳಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

ಸಣ್ಣಪುಟ್ಟ ಸಲಹೆಗೆ ಸರ್ಕಾರದ ಇ-ಸಂಜೀವಿನಿ ಮೂಲಕ ಮನೆಯಿಂದಲೇ ವೈದ್ಯರ ಜೊತೆ ಉಚಿತವಾಗಿ ವಿಡಿಯೋದಲ್ಲಿ ಮಾತಾಡಬಹುದು. ಎದೆ ನೋವು, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು ಕಂಡರೆ ಆಪ್ ತೆರೆಯುತ್ತಾ ಕೂರಬೇಡಿ, ನೇರ ಆಸ್ಪತ್ರೆ. ಅಂಕಿ ನೋಡಿಕೊಂಡು ಗುಳಿಗೆಯನ್ನು ತಾವೇ ಹೆಚ್ಚುಕಡಿಮೆ ಮಾಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಇದೆ. ಬೇಡ ಎಂದು ಕಟ್ಟುನಿಟ್ಟಾಗಿ ಹೇಳಿ.

7. ಪಿಂಚಣಿದಾರರ ಜೀವನ ಪ್ರಮಾಣ

ನವೆಂಬರ್ ಬಂತೆಂದರೆ ಬ್ಯಾಂಕುಗಳ ಮುಂದೆ ಸಾಲು. "ನಾನು ಬದುಕಿದ್ದೇನೆ" ಎಂದು ಸಾಬೀತು ಮಾಡುವ ಈ ಪ್ರಮಾಣಪತ್ರವನ್ನು ಆನ್‌ಲೈನ್‌ನಲ್ಲಿ ಕೊಡುವ ವ್ಯವಸ್ಥೆ 2014ರಲ್ಲೇ ಬಂತು. ಆಗ ಬೆರಳಚ್ಚು ಯಂತ್ರ ಬೇಕಿತ್ತು. ಹೊಲ, ತೋಟದ ಕೆಲಸದಲ್ಲಿ ಬೆರಳ ಗೆರೆ ಸವೆದವರಿಗೆ ಅದು ಹತ್ತುತ್ತಿರಲಿಲ್ಲ. 2021ರ ನವೆಂಬರಿನಿಂದ ಮುಖ ತೋರಿಸಿದರೂ ಸಾಕು, ಅದೂ ಸಾಮಾನ್ಯ ಆಂಡ್ರಾಯ್ಡ್ ಫೋನಿನಲ್ಲಿ. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ, ಇಪಿಎಫ್ (ನೌಕರರ ಭವಿಷ್ಯ ನಿಧಿ) ಪಿಂಚಣಿದಾರರಿಗೆ ಇದು ನಡೆಯುತ್ತದೆ. ರಾಜ್ಯ ಸರ್ಕಾರದ ಪಿಂಚಣಿ ಪಡೆಯುವವರು ತಮ್ಮ ಬ್ಯಾಂಕ್ ಶಾಖೆಯಲ್ಲಿ ಮೊದಲು ಕೇಳಿಕೊಂಡು ಮುಂದುವರಿಯಿರಿ.

ಕ್ರಮ ಹೀಗಿದೆ.

ಒಂದು, ಪ್ಲೇ ಸ್ಟೋರಿನಿಂದ "ಆಧಾರ್ ಫೇಸ್ ಆರ್‌ಡಿ" ಆಪ್ ಹಾಕಿ. ಹಾಕಿದ ಮೇಲೆ ಅದರ ಐಕಾನ್ ಕಾಣುವುದಿಲ್ಲ, ಗಾಬರಿ ಬೇಡ, ಅದು ಹಿಂದೆ ನಿಂತು ಕೆಲಸ ಮಾಡುತ್ತದೆ. ಆಮೇಲೆ "ಜೀವನ್ ಪ್ರಮಾಣ್" ಆಪ್ ಹಾಕಿ.

ಎರಡು, ಆಪ್ ಮೊದಲು "ಆಪರೇಟರ್" ಯಾರು ಎಂದು ಕೇಳುತ್ತದೆ. ಅಂದರೆ ಫೋನ್ ಹಿಡಿದು ಕೆಲಸ ಮಾಡುವವರು. ಮಗಳು ಮಾಡುತ್ತಿದ್ದರೆ ಮಗಳ ಆಧಾರ್, ಮೊಬೈಲ್, ಇಮೇಲ್ ಕೊಟ್ಟು ಮಗಳ ಮುಖ ಸ್ಕ್ಯಾನ್ ಮಾಡಬೇಕು. ಎಷ್ಟೋ ಜನ ಇಲ್ಲೇ ಗೊಂದಲಕ್ಕೆ ಬಿದ್ದು ಬಿಟ್ಟುಬಿಡುತ್ತಾರೆ. ಹಿರಿಯರು ತಾವೇ ಮಾಡಿಕೊಳ್ಳುವುದಾದರೆ ಎರಡೂ ಕಡೆ ಅವರದೇ ವಿವರ.

ಮೂರು, ಪಿಂಚಣಿದಾರರ ಆಧಾರ್, ಮೊಬೈಲ್, ಬರುವ ಒಟಿಪಿ. ನಂತರ ಪಿಪಿಒ ಸಂಖ್ಯೆ, ಪಿಂಚಣಿ ಬರುವ ಖಾತೆ, ಮಂಜೂರು ಮಾಡಿದ ಇಲಾಖೆ, ಹಣ ಹಾಕುವ ಬ್ಯಾಂಕು. ಇಲ್ಲಿ ಪಟ್ಟಿಯಿಂದ ಬ್ಯಾಂಕನ್ನು ತಪ್ಪು ಆರಿಸಿದರೆ, ಪಿಪಿಒದಲ್ಲಿ ಒಂದಂಕಿ ತಪ್ಪಿದರೆ, ಪ್ರಮಾಣಪತ್ರ ತಯಾರಾದರೂ ಆಮೇಲೆ ತಿರಸ್ಕಾರ ಆಗುತ್ತದೆ. ಒಬ್ಬರು ಓದಲಿ, ಇನ್ನೊಬ್ಬರು ತಾಳೆ ನೋಡಲಿ.

ನಾಲ್ಕು, ಮುಖ ಸ್ಕ್ಯಾನ್. ಕಿಟಕಿಗೆ ಬೆನ್ನು ಹಾಕಿ ಕೂರಿಸಬೇಡಿ, ಬೆಳಕು ಮುಖದ ಮೇಲೆ ಬೀಳಲಿ. ಕನ್ನಡಕ, ಟೋಪಿ, ತಲೆ ಮೇಲಿನ ಸೆರಗು ತೆಗೆಸಿ. ಹಿಂದೆ ಖಾಲಿ ಗೋಡೆ ಇರಲಿ. ಕಣ್ಣು ಮಿಟುಕಿಸಲು ಹೇಳುತ್ತದೆ. ಪೊರೆ ಆಪರೇಷನ್ ಆದವರಿಗೆ, ರೆಪ್ಪೆ ಜೋತು ಬಿದ್ದವರಿಗೆ ನಿಧಾನ ಆಗುತ್ತದೆ, "ಈಗ ಮುಚ್ರಿ, ಈಗ ತೆಗೀರಿ" ಎಂದು ಪಕ್ಕದಲ್ಲಿ ನಿಂತು ಹೇಳಬೇಕು.

ಐದು, ಪ್ರಮಾಣ್ ಐಡಿ ಇರುವ ಎಸ್ಸೆಮ್ಮೆಸ್ ಬರುತ್ತದೆ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೆಲವು ದಿನ ಬಿಟ್ಟು ಬ್ಯಾಂಕ್ ಒಪ್ಪಿಕೊಂಡಿದೆಯಾ ಎಂದು ಖಚಿತ ಮಾಡಿಕೊಳ್ಳಿ. ಮುಂದಿನ ವರ್ಷ ಹೊಸದಾಗಿಯೇ ಮಾಡಬೇಕು, ಹಳೆ ಐಡಿ ನಡೆಯುವುದಿಲ್ಲ.

80 ವರ್ಷ ದಾಟಿದ ಕೇಂದ್ರದ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಕೊಡಬಹುದು. ಇಪಿಎಫ್ ಪಿಂಚಣಿದಾರರು ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ 12 ತಿಂಗಳು ಚಾಲ್ತಿ. ಫೋನಿನ ಸಹವಾಸವೇ ಬೇಡ ಎನ್ನುವವರಿಗೆ ಅಂಚೆಯಣ್ಣ ಮನೆಗೇ ಬಂದು ಮಾಡಿಕೊಡುತ್ತಾರೆ, ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಮೂಲಕ. ಶುಲ್ಕ ಇದೆಯಾ ಎಂದು ಮೊದಲೇ ಕೇಳಿಕೊಳ್ಳಿ. ಹಾಸಿಗೆ ಹಿಡಿದವರಿಗೆ ಇದೇ ಮೇಲು.

8. ಹಣದ ಕೆಲಸ

ಸರ್ಕಾರದ ಹಣ ಬಂತಾ ನೋಡುವುದರಿಂದ ಶುರು ಮಾಡಿ, ಅದರಲ್ಲಿ ಹಣ ಹೋಗುವ ಭಯ ಇಲ್ಲ. "ಡಿಬಿಟಿ ಕರ್ನಾಟಕ" ಆಪ್‌ನಲ್ಲಿ ಆಧಾರ್ ಒಟಿಪಿ ಕೊಟ್ಟು ಒಂದು ಪಿನ್ ಇಟ್ಟುಕೊಂಡರೆ ಗೃಹಲಕ್ಷ್ಮಿ, ಸಂಧ್ಯಾ ಸುರಕ್ಷಾದಂಥ ಯೋಜನೆಯ ಹಣ ಯಾವ ದಿನ, ಯಾವ ಬ್ಯಾಂಕಿಗೆ ಬಿತ್ತು ಎಂದು ತೋರಿಸುತ್ತದೆ. "ಯಾವ ಖಾತೆಗೆ ಹೋಯ್ತೋ ಗೊತ್ತಿಲ್ಲ" ಎನ್ನುವವರಿಗೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಆಪ್ ಹಾಕಲು ಬಾರದಿದ್ದರೆ ಹಳ್ಳಿಯಲ್ಲಿ ಗ್ರಾಮ ಒನ್ ಎಂಬ ಸರ್ಕಾರಿ ಸೇವಾ ಕೇಂದ್ರದಲ್ಲಿ ಕೇಳಬಹುದು.

ಯುಪಿಐ ಹಾಕುವುದಾದರೆ ಪಿಂಚಣಿ ಬೀಳುವ ದೊಡ್ಡ ಖಾತೆಗೆ ಜೋಡಿಸಬೇಡಿ. ಬೇರೆ ಸಣ್ಣ ಖಾತೆ ಮಾಡಿಸಿ, ಅದರಲ್ಲಿ ಎರಡು ಮೂರು ಸಾವಿರ ಇರಲಿ. ಏನೇ ಎಡವಟ್ಟಾದರೂ ಹೋಗುವುದು ಅಷ್ಟೇ.

ಇನ್ನೊಂದು ದಾರಿ ಯುಪಿಐ ಸರ್ಕಲ್, 2024ರಲ್ಲಿ ಬಂದದ್ದು. ಇದರಲ್ಲಿ ಖಾತೆ ನಿಮ್ಮದು, ಖರ್ಚು ಮಾಡುವವರು ಅವರು. ಅವರು ಔಷಧಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದರೆ ನಿಮ್ಮ ಫೋನಿಗೆ ಒಪ್ಪಿಗೆ ಕೇಳಿ ಬರುವಂತೆ ಇಡಬಹುದು. ಇಲ್ಲವೇ ತಿಂಗಳಿಗೆ ಇಂತಿಷ್ಟು ಎಂದು ಮಿತಿ ಹಾಕಿ ಬಿಟ್ಟುಬಿಡಬಹುದು, ಆ ಮಿತಿ ಹೆಚ್ಚೆಂದರೆ 15,000. ಎರಡನೆಯದೇ ನನಗೆ ಸರಿ ಕಾಣುತ್ತದೆ. ಹೋಟೆಲಿನಲ್ಲಿ ಒಂದು ಬೆಣ್ಣೆ ದೋಸೆ ತಿಂದದ್ದಕ್ಕೂ ಮಗನ ಅಪ್ಪಣೆ ಕಾಯಬೇಕು ಅಂದರೆ ಯಾವ ಅಪ್ಪ ಒಪ್ಪುತ್ತಾರೆ?

ಒಂದು ಮಾತನ್ನು ಅವರಿಂದಲೇ ಹೇಳಿಸಿ: ದುಡ್ಡು ಕೊಡುವಾಗ ಪಿನ್, ದುಡ್ಡು ಬರುವುದಕ್ಕೆ ಪಿನ್ ಬೇಡ. ಯಾರಾದರೂ "ನಿಮಗೆ ಹಣ ಬಂದಿದೆ, ಪಿನ್ ಹಾಕಿ" ಎಂದರೆ ಅವನು ಕಳ್ಳ.

ಕರೆಂಟ್ ಬಿಲ್ಲು ಸುಲಭ. ದಾವಣಗೆರೆ, ಚಿತ್ರದುರ್ಗ ಎರಡೂ ಬೆಸ್ಕಾಂ ವ್ಯಾಪ್ತಿ. ಬಿಲ್ಲಿನ ಮೇಲಿರುವ ಅಕೌಂಟ್ ಐಡಿ ಒಮ್ಮೆ ಆಪ್‌ನಲ್ಲಿ ಉಳಿಸಿದರೆ ಆಯ್ತು. ಕರೆಂಟ್ ಹೋದರೆ 1912.

9. ತೋಟ, ಹೊಲ ಇದ್ದವರಿಗೆ: ಮೊಬೈಲ್ ಸ್ಟಾರ್ಟರ್

ಇದರ ಬಗ್ಗೆ ಕೇಳುವವರು ಕಡಿಮೆ, ಆದರೆ ನಮ್ಮ ಜಿಲ್ಲೆಗಳಲ್ಲಿ ವಯಸ್ಸಾದ ರೈತರಿಗೆ ಅತಿ ಉಪಯೋಗಕ್ಕೆ ಬರುವ ಸಾಧನ ಇದೇ ಎನ್ನುತ್ತೇನೆ. ತ್ರೀ ಫೇಸ್ ಕರೆಂಟ್ ರಾತ್ರಿ ಬಂದರೆ ಎಪ್ಪತ್ತರ ಅಜ್ಜ ಬ್ಯಾಟರಿ ಹಿಡಿದು ಹಾವು ಹುಳದ ನಡುವೆ ಹೋಗಿ ಮೋಟಾರ್ ಹಾಕಬೇಕು. ಬೋರಿನ ಸ್ಟಾರ್ಟರ್ ಪೆಟ್ಟಿಗೆಗೆ ಸಿಮ್ ಹಾಕುವ ಒಂದು ಸಾಧನ ಜೋಡಿಸಿದರೆ ಮನೆಯಿಂದ ಕರೆ ಮಾಡಿ ಮೋಟಾರ್ ಆನ್, ಆಫ್ ಮಾಡಬಹುದು. ಬಟನ್ ಫೋನೂ ನಡೆಯುತ್ತದೆ. ಕರೆಂಟ್ ಬಂದಾಗ, ಹೋದಾಗ ಅದೇ ತಿಳಿಸುವ ಮಾದರಿಗಳೂ ಇವೆ.

ಕೊಳ್ಳುವಾಗ ನೋಡಬೇಕಾದ್ದು: ನೀರು ಖಾಲಿಯಾದಾಗ ತಾನೇ ನಿಲ್ಲುವ ರಕ್ಷಣೆ ಇದೆಯಾ, ಒಂದು ಫೇಸ್ ಹೋದರೆ ನಿಲ್ಲುತ್ತದಾ, ನೀವು ಕೊಟ್ಟ ನಂಬರುಗಳಿಗೆ ಮಾತ್ರ ಕೇಳುತ್ತದಾ, ಕನ್ನಡದಲ್ಲಿ ಮಾತಾಡುತ್ತದಾ. ಜೋಡಣೆಯನ್ನು ಮೋಟಾರ್ ಕೆಲಸ ಗೊತ್ತಿದ್ದ ಎಲೆಕ್ಟ್ರಿಷಿಯನ್ ಹತ್ತಿರವೇ ಮಾಡಿಸಿ. ಪೆಟ್ಟಿಗೆಯೊಳಗಿನ ಸಿಮ್ಮಿನ ರೀಚಾರ್ಜ್ ಮರೆತರೆ ಅದು ಮೂಕವಾಗುತ್ತದೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೋಟಾರ್ ರಿಪೇರಿಗೆ ಯಾರಾದರೂ ಇಳಿದಾಗ ಮೇನ್ ಸ್ವಿಚ್ ತೆಗೆದೇ ಇಳಿಯಬೇಕು. ಮನೆಯಲ್ಲಿ ಕೂತವರಿಗೆ ಅಲ್ಲಿ ಯಾರ ಕೈ ಇದೆ ಎಂದು ಕಾಣುವುದಿಲ್ಲ.

10. ಮೋಸದ ಕರೆಗಳು

ನಮ್ಮ ಹಿರಿಯರು ಮೋಸ ಹೋಗುವುದು ಬುದ್ಧಿ ಕಡಿಮೆ ಇದ್ದು ಅಲ್ಲ. ಮಾತಾಡುತ್ತಿರುವವರ ಮುಖಕ್ಕೆ ಫೋನ್ ಇಡುವುದು ಮರ್ಯಾದೆ ಅಲ್ಲ ಎಂದು ಬೆಳೆದವರು ಅವರು. ಕಳ್ಳರಿಗೆ ಬೇಕಾದ್ದೂ ಅಷ್ಟೇ, ಅವರು ಲೈನಿನಲ್ಲಿ ಉಳಿಯಬೇಕು. ಹಾಗಾಗಿ "ಹುಷಾರಾಗಿರಿ" ಎಂದು ನೂರು ಸಲ ಹೇಳುವುದಕ್ಕಿಂತ, ಕರೆ ಮುಗಿಸಲು ಒಂದು ಮರ್ಯಾದೆಯ ಮಾತು ಕೊಡಿ: "ನಮ್ಮ ಹುಡುಗನ್ನ ಕೇಳಿ ಹೇಳ್ತೀನ್ರಿ." ಅಷ್ಟು ಹೇಳಿ ಇಡುವುದು. ನೀವೇ ಬೇರೆ ನಂಬರಿನಿಂದ ಬ್ಯಾಂಕಿನವನಂತೆ ಕರೆ ಮಾಡಿ ಅಭ್ಯಾಸ ಮಾಡಿಸಿ. ನಗುತ್ತಾರೆ, ಆದರೆ ಬಾಯಿಗೆ ಬರುತ್ತದೆ.

ಈಗ ಬರುವ ಬಗೆಗಳು ಇವು. ಪೊಲೀಸ್ ವೇಷದಲ್ಲಿ ವಿಡಿಯೋ ಕರೆ ಮಾಡಿ "ಡಿಜಿಟಲ್ ಅರೆಸ್ಟ್" ಎನ್ನುವುದು. ನಮ್ಮ ಕಾನೂನಿನಲ್ಲಿ ಅಂಥದ್ದು ಇಲ್ಲವೇ ಇಲ್ಲ, ಯಾವ ಪೊಲೀಸರೂ ವಿಡಿಯೋದಲ್ಲಿ ಬಂಧಿಸುವುದಿಲ್ಲ. "ಇವತ್ತು ರಾತ್ರಿ ಕರೆಂಟ್ ಕಟ್" ಎಂಬ ಸಂದೇಶ. ಮದುವೆ ಕರೆಯೋಲೆ, ಟ್ರಾಫಿಕ್ ದಂಡ, ಕಿಸಾನ್ ಹಣ ಎಂಬ ಹೆಸರಿನಲ್ಲಿ ವಾಟ್ಸಾಪಿಗೆ ಬರುವ ಎಪಿಕೆ ಫೈಲ್. ಎಪಿಕೆ ಅಂದರೆ ಆಪ್ ಹಾಕುವ ಕಡತ, ಒತ್ತಿ ಅನುಮತಿ ಕೊಟ್ಟರೆ ನಿಮ್ಮ ಎಸ್ಸೆಮ್ಮೆಸ್ ಬೇರೆಯವನು ಓದುತ್ತಾನೆ. ನಿಜವಾದ ಕರೆಯೋಲೆ ಫೋಟೋ ಆಗಿ ಬರುತ್ತದೆ ಇಲ್ಲವೇ ಪಿಡಿಎಫ್ ಆಗಿ. ಸೆಟ್ಟಿಂಗ್ಸ್‌ನಲ್ಲಿ "ಅಪರಿಚಿತ ಆಪ್ ಹಾಕುವ ಅನುಮತಿ"ಯನ್ನು ವಾಟ್ಸಾಪ್, ಕ್ರೋಮ್ ಎರಡಕ್ಕೂ ತೆಗೆದುಬಿಡಿ. ಇನ್ನೊಂದು, ಮೊಮ್ಮಗನ ದನಿಯಲ್ಲೇ "ಅಜ್ಜಿ, ಆಕ್ಸಿಡೆಂಟ್ ಆಗೈತಿ" ಎಂದು ಅಳುವ ಕರೆ. ದನಿ ನಕಲು ಮಾಡುವುದು ಈಗ ಕಷ್ಟವೇ ಇಲ್ಲ. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ, ದನದ ಹೆಸರೋ ಹಳೆ ಬಾವಿಯ ಹೆಸರೋ. ಅದನ್ನು ಹೇಳದವನಿಗೆ ಹಣ ಇಲ್ಲ.

ಹಣ ಹೋಗಿಬಿಟ್ಟರೆ ಬೈಯುತ್ತಾ ಕೂರಬೇಡಿ. ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ತಿಳಿಸಿ. ಬೇಗ ಹೇಳಿದಷ್ಟೂ ಹಣ ಕೈ ದಾಟುವ ಮುಂಚೆ ತಡೆಯುವ ಅವಕಾಶ ಜಾಸ್ತಿ. ಬೈಗುಳಕ್ಕೆ ಹೆದರಿ ಎರಡು ದಿನ ಮುಚ್ಚಿಟ್ಟುಕೊಂಡವರದ್ದೇ ಹೆಚ್ಚು ನಷ್ಟ ಆಗುವುದು. ಅದಕ್ಕೇ ಇವತ್ತೇ ಹೇಳಿಡಿ: "ಏನೇ ಆದ್ರೂ ನಂಗೆ ಮೊದಲು ಹೇಳಿ, ಬೈಯಲ್ಲ."

11. ಫೋನ್ ಕಳೆದರೆ

ಸಂತೆಯಲ್ಲಿ, ಬಸ್ ಹತ್ತುವ ನೂಕುನುಗ್ಗಲಲ್ಲಿ ಆಗುವುದೇ. ಐಎಂಇಐ ಸಂಖ್ಯೆ, ಅಂದರೆ ಪ್ರತಿ ಫೋನಿಗೂ ಬೇರೆಯಾಗಿರುವ 15 ಅಂಕಿಯ ಗುರುತು, ಇವತ್ತೇ ನೋಟ್‌ಬುಕ್ಕಿಗೆ ಬರೆಯಿರಿ. ಫೋನಿನಲ್ಲಿ *#06# ಒತ್ತಿದರೆ ಬರುತ್ತದೆ. ಕಳೆದ ದಿನ ಮೊದಲು ಸಿಮ್ ಕಂಪನಿಗೆ ಹೇಳಿ ಸಿಮ್ ಬಂದ್ ಮಾಡಿಸಿ, ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ. ಪೊಲೀಸ್ ದೂರು ಕೊಟ್ಟು, ಅದರ ಪ್ರತಿ ಮತ್ತು ಐಎಂಇಐ ಹಾಕಿ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನನ್ನೇ ಲಾಕ್ ಮಾಡಿಸಬಹುದು. ಅವರ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದೂ ಅಲ್ಲೇ ಕಾಣುತ್ತದೆ. ಗೊತ್ತಿಲ್ಲದ ನಂಬರ್ ಇದ್ದರೆ ಅಲ್ಲಿಂದಲೇ ದೂರು ಕೊಡಿ.

ಪಿನ್ನು, ಪಾಸ್‌ವರ್ಡುಗಳನ್ನು ಫೋನಿನ ಕವರ್ ಹಿಂದೆ ಚೀಟಿ ಮಾಡಿ ಇಟ್ಟಿರುತ್ತಾರೆ. ಹೊರಡುವ ಮುಂಚೆ ಕವರ್ ಬಿಚ್ಚಿ ನೋಡಿ. ಆ ಚೀಟಿ ತೆಗೆದು ಬೀರುವಿನಲ್ಲಿಡಿ, ಇಟ್ಟ ಜಾಗ ಅವರಿಗೇ ತೋರಿಸಿ.